ಬಲವಾದ ಬಿಲ್ಡ್, ಜೀವಂತ ಪಾತ್ರ: ಟೇಬಲ್‌ಟಾಪ್ ಆರ್‌ಪಿಜಿ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್‌ಟಾಪ್ ಆರ್‌ಪಿಜಿ ಅಂದ್ರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ನಡೆಸುವ ಆಟ. ಉಳಿದ ಲೋಕವನ್ನೂ ರಾಕ್ಷಸರನ್ನೂ ನಡೆಸುವವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ತರದ ಇಂಥ ಆಟ ಆಡುವ ಗುಂಪುಗಳಲ್ಲಿ ಒಂದು ಜಗಳ ಹಳತಾಗುವುದೇ ಇಲ್ಲ. ಒಬ್ಬರು ಲೆಕ್ಕ ಹಾಕಿ ಪಾತ್ರ ಕಟ್ಟುತ್ತಾರೆ, ಇನ್ನೊಬ್ಬರು ಮನಸ್ಸಿಗೆ ಬಂದ ಹಾಗೆ ಕಟ್ಟುತ್ತಾರೆ, ಮೂರನೇ ಸೆಷನ್ ಹೊತ್ತಿಗೆ ಇಬ್ಬರಿಗೂ ಬೇಜಾರು. ಈ ವಿಷಯದಲ್ಲಿ ಹೊಸಬರೂ ಹಳಬರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಡಿ ಅಂಡ್ ಡಿ ಐದನೇ ಆವೃತ್ತಿಯ 2014ರ ನಿಯಮದವು. 2024ರ ಪರಿಷ್ಕರಣೆಯಲ್ಲಿ ಬದಲಾಗಿದ್ದು ಮುಖ್ಯ ಅನ್ನಿಸಿದ ಕಡೆ ಅದನ್ನೂ ಹೇಳಿದ್ದೇನೆ.

ಕ್ಯಾರೆಕ್ಟರ್ ಆಪ್ಟಿಮೈಸೇಶನ್ ಅಂದ್ರೆ ಏನು?

ನಿಯಮಗಳು ಕೊಡುವ ಆಯ್ಕೆಗಳಲ್ಲಿ ನಿಮ್ಮ ಪಾತ್ರದ ಕೆಲಸಕ್ಕೆ ಚೆನ್ನಾಗಿ ಒದಗುವುದನ್ನು ಹುಡುಕಿ ಜೋಡಿಸುವುದು. ಯಾವ ಕ್ಲಾಸ್ (ಯೋಧ, ಕಳ್ಳ, ಮಂತ್ರವಾದಿ ತರದ ವೃತ್ತಿ), ಸ್ಟ್ರೆಂತ್ (ಬಲ), ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ತರದ ಗುಣಗಳಲ್ಲಿ ಯಾವ ಅಂಕ ಎಲ್ಲಿಗೆ, ಯಾವ ಫೀಟ್ (ವಿಶೇಷ ಕೌಶಲ), ಯಾವ ಮಂತ್ರ, ಯಾವ ಲೆವೆಲ್‌ನಲ್ಲಿ ಮಲ್ಟಿಕ್ಲಾಸ್ (ಇನ್ನೊಂದು ಕ್ಲಾಸ್ ಸೇರಿಸುವುದು) ಎಂದೆಲ್ಲ ಯೋಚಿಸುವುದು ಇದರಲ್ಲೇ ಬಂತು. ಹೀಗೆ ಜೋಡಿಸಿದ್ದೇ ಆ ಪಾತ್ರದ ಬಿಲ್ಡ್. ಕೆಲಸ ಅಂದ ಕೂಡಲೇ ಹೊಡೆದಾಟ ಅಂದುಕೊಳ್ಳಬೇಡಿ. ಯಾರಿಗೂ ಸಿಕ್ಕಿಬೀಳದೆ ಅರಮನೆಗೆ ನುಗ್ಗುವ ಕಳ್ಳ, ಯಾರನ್ನೂ ಸಾಯಲು ಬಿಡದ ವೈದ್ಯೆ, ಮಾತಿನಲ್ಲೇ ಯುದ್ಧ ತಪ್ಪಿಸುವ ಬಾರ್ಡ್ (ಹಾಡುಗಾರ ಮಂತ್ರವಾದಿ), ಇವರನ್ನೂ ಆಪ್ಟಿಮೈಸ್ ಮಾಡಬಹುದು.

ಇನ್ನೊಂದು ಮಾತು. ಯೋಧನಿಗೆ ಸ್ಟ್ರೆಂತ್ ಜಾಸ್ತಿ ಇಡುವುದೂ ಆಪ್ಟಿಮೈಸೇಶನ್ನೇ. ಅಷ್ಟನ್ನು ಎಲ್ಲರೂ ಮಾಡುತ್ತಾರೆ. ಜಗಳ ಇರುವುದು ಎಲ್ಲಿಗೆ ನಿಲ್ಲಿಸಬೇಕು ಎಂಬುದರ ಬಗ್ಗೆ.

ಮಿನ್-ಮ್ಯಾಕ್ಸ್, ಪವರ್‌ಗೇಮರ್, ಮಂಚ್‌ಕಿನ್, ಎಲ್ಲ ಒಂದೇನಾ?

ಬಾಯಿಮಾತಿನಲ್ಲಿ ಒಂದೇ ತರ ಬಳಸುತ್ತಾರೆ, ಆದರೆ ವ್ಯತ್ಯಾಸ ಇದೆ. ಮಿನ್-ಮ್ಯಾಕ್ಸ್ ಅಂದ್ರೆ ಬೇಡವಾದದ್ದನ್ನು ತಳಕ್ಕೆ ಇಳಿಸಿ ಬೇಕಾದದ್ದನ್ನು ತುದಿಗೆ ಏರಿಸುವುದು. ಪವರ್‌ಗೇಮರ್‌ಗೆ ತನ್ನ ಪಾತ್ರ ಬಲಿಷ್ಠ ಅನ್ನುವುದರಲ್ಲೇ ಖುಷಿ. ಮಂಚ್‌ಕಿನ್ ಬೇರೆ ಜಾತಿ: ನಿಯಮ ತನಗೆ ಅನುಕೂಲವಾದಾಗ ಮಾತ್ರ ನೆನಪಾಗುತ್ತದೆ, ಉಳಿದವರ ಆಟ ಕೆಟ್ಟರೂ ಚಿಂತೆಯಿಲ್ಲ. ನಿಯಮದ ಅಕ್ಷರ ಹಿಡಿದು ವಾದಿಸುವ ರೂಲ್ಸ್ ಲಾಯರ್ ಮತ್ತೂ ಬೇರೆ. ನಿಯಮ ತನ್ನ ವಿರುದ್ಧ ಇದ್ದಾಗಲೂ ಎತ್ತಿ ಹೇಳುವ ರೂಲ್ಸ್ ಲಾಯರ್ ಟೇಬಲ್‌ಗೆ ಆಸ್ತಿ.

ಮೊದಲ ಎರಡು ಗುಂಪಿನವರನ್ನು ಮೂರನೆಯ ಹೆಸರಿನಿಂದ ಕರೆಯುವುದು ಅನ್ಯಾಯ. ಹೋಂವರ್ಕ್ ಮಾಡಿಕೊಂಡು ಬರುವ ಆಟಗಾರರನ್ನು ಮೋಸಗಾರರ ತರ ನೋಡಿದರೆ ಅವರು ಇನ್ನೊಂದು ಟೇಬಲ್ ಹುಡುಕಿಕೊಳ್ಳುತ್ತಾರೆ.

ಈ ಅಭ್ಯಾಸ ಯಾವಾಗ ಶುರುವಾಯಿತು?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಡಿ ಅಂಡ್ ಡಿ ಹೊರತಂದಾಗ ಆಪ್ಟಿಮೈಸ್ ಮಾಡಲು ಜಾಸ್ತಿ ಏನೂ ಇರಲಿಲ್ಲ. ಮೂರು ದಾಳ ಹಾಕಿ, ಬಂದ ಅಂಕಗಳನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಬೇಕಿತ್ತು. ಪಾತ್ರ ಬೇಗ ಸಾಯುತ್ತಿತ್ತು. ಜಾಣತನವೆಲ್ಲ ಆಟದೊಳಗೇ: ಬಾಗಿಲು ತೆರೆಯುವ ಮೊದಲು ಕೋಲಿನಿಂದ ತಟ್ಟುವುದು, ಹಗ್ಗ ಎಣ್ಣೆ ಜೊತೆಗಿಟ್ಟುಕೊಳ್ಳುವುದು, ಗೆಲ್ಲಲಾಗದಾಗ ಓಡುವುದು.

1981ರ ಚಾಂಪಿಯನ್ಸ್, 1986ರ ಗರ್ಪ್ಸ್ ತರದ ಆಟಗಳು ಪಾಯಿಂಟ್ ಕೊಟ್ಟು ಸಾಮರ್ಥ್ಯ ಕೊಳ್ಳುವ ಪದ್ಧತಿಯನ್ನು ಬೆಳೆಸಿದವು. ಪಾಯಿಂಟ್ ಬಂದ ಮೇಲೆ ಉಳಿತಾಯವೂ ಬಂತು: ಒಂದು ದೌರ್ಬಲ್ಯ ತೆಗೆದುಕೊಂಡರೆ ಇಷ್ಟು ಪಾಯಿಂಟ್ ವಾಪಸ್. ನಿಜವಾದ ಸ್ಫೋಟ ಆಗಿದ್ದು 2000ದಲ್ಲಿ, ಡಿ ಅಂಡ್ ಡಿ ಮೂರನೇ ಆವೃತ್ತಿಯಲ್ಲಿ. ಫೀಟ್‌ಗಳು ಬಂದವು, ಮಲ್ಟಿಕ್ಲಾಸ್ ಸಲೀಸಾಯಿತು, ಪ್ರೆಸ್ಟೀಜ್ ಕ್ಲಾಸ್‌ಗಳು (ಷರತ್ತು ಪೂರೈಸಿದ ಮೇಲೆ ಸೇರಬಹುದಾದ ವಿಶೇಷ ಕ್ಲಾಸ್‌ಗಳು) ರಾಶಿ ಬಿದ್ದವು. ಪುಸ್ತಕದ ಮೇಲೆ ಪುಸ್ತಕ ಬಂದ ಹಾಗೆ ಯಾರೂ ಯೋಚಿಸಿರದ ಜೋಡಣೆಗಳು ಹುಟ್ಟಿದವು. ಆಟವಿಲ್ಲದ ದಿನ ಕೂತು ಬಿಲ್ಡ್ ಬರೆಯುವುದೇ ಒಂದು ಹವ್ಯಾಸವಾಗಿ ಬೆಳೆದದ್ದು ಆಗ.

ಲೆಕ್ಕ ಹೇಗೆ ಹಾಕುತ್ತಾರೆ? ಒಂದು ಉದಾಹರಣೆ ಕೊಡಿ.

ಧಾರಾಳವಾಗಿ. 2014ರ ನಿಯಮದಲ್ಲಿ ಗ್ರೇಟ್ ವೆಪನ್ ಮಾಸ್ಟರ್ ಎಂಬ ಫೀಟ್ ಇದೆ. ಭಾರಿ ಆಯುಧ ಬೀಸುವಾಗ ಹೊಡೆತಕ್ಕೆ ಹಾಕಿದ ದಾಳದ ಅಂಕಿಯಲ್ಲಿ 5 ಕಳೆದುಕೊಂಡರೆ, ಏಟು ತಾಗಿದಾಗ ಹಾನಿಗೆ 10 ಸೇರುತ್ತದೆ. ಲಾಭವೋ ನಷ್ಟವೋ?

ಐದನೇ ಲೆವೆಲ್‌ನ ಫೈಟರ್ ತೆಗೆದುಕೊಳ್ಳಿ. ಸ್ಟ್ರೆಂತ್ 18, ಅಂದರೆ +4. ಪ್ರೊಫಿಶಿಯನ್ಸಿ, ಅಂದರೆ ಪಳಗಿದ ಆಯುಧಕ್ಕೆ ಸಿಗುವ ಸೇರ್ಪಡೆ, +3. ಒಟ್ಟು +7. ಕೈಯಲ್ಲಿ ಗ್ರೇಟ್‌ಸ್ವೋರ್ಡ್, ಆರು ಮುಖದ ಎರಡು ದಾಳ, ಸರಾಸರಿ 7. ಅದಕ್ಕೆ 4 ಸೇರಿ ಏಟಿಗೆ 11. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಅಂಕಿ) 15 ಇದ್ದರೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಮೇಲೆ ಬೀಳಬೇಕು. ಸಾಧ್ಯತೆ ಶೇ. 65. ಕ್ರಿಟಿಕಲ್ ಏಟುಗಳನ್ನು (ದಾಳದಲ್ಲಿ 20 ಬಿದ್ದು ಹಾನಿ ಹೆಚ್ಚುವಂಥವು) ಪಕ್ಕಕ್ಕಿಟ್ಟರೆ ಸರಾಸರಿ ಹಾನಿ 7.15.

ಈಗ ಫೀಟ್ ಬಳಸೋಣ. +7 ಇಳಿದು +2 ಆಯಿತು. 13 ಅಥವಾ ಮೇಲೆ ಬೀಳಬೇಕು, ಸಾಧ್ಯತೆ ಶೇ. 40. ತಾಗಿದರೆ 21. ಸರಾಸರಿ 8.4. ಸ್ವಲ್ಪ ಲಾಭ. ಅದೇ ಎದುರಾಳಿಯ ಆರ್ಮರ್ ಕ್ಲಾಸ್ 18 ಆದರೆ? ಫೀಟ್ ಬಳಸದಿದ್ದರೆ 5.5, ಬಳಸಿದರೆ 5.25. ನಷ್ಟ.

ಅಡ್ವಾಂಟೇಜ್ ಸಿಕ್ಕಾಗ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವಾಗ, ಚಿತ್ರವೇ ಬದಲಾಗುತ್ತದೆ. ಆರ್ಮರ್ ಕ್ಲಾಸ್ 15ರ ಎದುರು ಮಾಮೂಲಿ ಹೊಡೆತ 9.65, ಫೀಟ್ ಜೊತೆಗಿನದು 13.44. ತಾನೇ ಅಡ್ವಾಂಟೇಜ್ ತಂದುಕೊಳ್ಳಬಲ್ಲ ಬಾರ್ಬೇರಿಯನ್‌ಗೆ ಈ ಫೀಟ್ ಯಾಕೆ ಅಷ್ಟು ಪ್ರಿಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. 2024ರ ಪರಿಷ್ಕರಣೆಯಲ್ಲಿ ಈ ಐದು-ಹತ್ತರ ವ್ಯಾಪಾರವನ್ನೇ ತೆಗೆದರು.

ನನಗೆ ಈ ಲೆಕ್ಕ ಇಷ್ಟ. ಫೀಟ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ "ಯಾರ ಎದುರು, ಯಾರ ಜೊತೆಗೆ" ಎಂದು ಕೇಳದೆ ಉತ್ತರವಿಲ್ಲ ಅನ್ನುವುದನ್ನು ಇದು ಅಂಕಿಯಲ್ಲೇ ತೋರಿಸುತ್ತದೆ.

ಬಿಲ್ಡ್ ಚೆನ್ನಾಗಿ ಮಾಡುವವರಿಗೆ ರೋಲ್‌ಪ್ಲೇ ಬರುವುದಿಲ್ಲ ಅಂತಾರೆ. ನಿಜಾನಾ?

ಸುಳ್ಳು. ಈ ಮಾತಿಗೆ ಒಂದು ಹೆಸರೇ ಇದೆ, ಸ್ಟಾರ್ಮ್‌ವಿಂಡ್ ಫ್ಯಾಲಸಿ. ಟೆಂಪೆಸ್ಟ್ ಸ್ಟಾರ್ಮ್‌ವಿಂಡ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಟಗಾರರೊಬ್ಬರು ಮೂರನೇ ಆವೃತ್ತಿಯ ಕಾಲದಲ್ಲಿ ಇದನ್ನು ಬಿಡಿಸಿ ಹೇಳಿದರು: ಆಪ್ಟಿಮೈಸ್ ಮಾಡುವುದು ಒಂದು ಕೌಶಲ, ಪಾತ್ರವಾಗಿ ಆಡುವುದು ಇನ್ನೊಂದು. ಒಂದು ಇದ್ದರೆ ಇನ್ನೊಂದು ಇರುವುದಿಲ್ಲ ಎನ್ನಲು ಆಧಾರವಿಲ್ಲ. ಹಾಗೆಯೇ, ಪಾತ್ರವನ್ನು ಬೇಕಂತಲೇ ದುರ್ಬಲ ಮಾಡಿದ ಮಾತ್ರಕ್ಕೆ ಯಾರೂ ಒಳ್ಳೆಯ ನಟರಾಗುವುದಿಲ್ಲ.

ನಮ್ಮ ತಾಳಮದ್ದಳೆ ನೋಡಿ. ಅರ್ಥಧಾರಿಗಳು ವೇಷವಿಲ್ಲದೆ, ಕೂತಲ್ಲೇ, ಪ್ರಸಂಗದ ಚೌಕಟ್ಟಿನೊಳಗೆ ಆಶುವಾಗಿ ವಾದ ಮಾಡುತ್ತಾರೆ. ಕರ್ಣ ಮಹಾವೀರ ಅನ್ನುವುದು ಅವನ ಅರ್ಥ ಹೇಳುವವರಿಗೆ ಯಾವತ್ತಾದರೂ ಅಡ್ಡಿಯಾಗಿದೆಯಾ? ಅವನ ಬಲ, ಅವನು ಕೊಟ್ಟ ಮಾತು, ಅವನಿಗೆ ತಗುಲಿದ ಶಾಪ, ಇವು ಒಂದಕ್ಕೊಂದು ತಾಕುವ ಜಾಗದಲ್ಲೇ ಮಾತು ಕಳೆಗಟ್ಟುತ್ತದೆ.

ಬಿಲ್ಡ್‌ನಿಂದಲೇ ಕಥೆ ಹುಟ್ಟುವುದೂ ಉಂಟು. ವಾರ್‌ಲಾಕ್ ಅಂದ್ರೆ ಯಾವುದೋ ಶಕ್ತಿಯೊಂದಿಗೆ ಒಪ್ಪಂದ ಮಾಡಿಕೊಂಡು ಮಂತ್ರ ಪಡೆದವರ ಕ್ಲಾಸ್. 2017ರಲ್ಲಿ ಹೆಕ್ಸ್‌ಬ್ಲೇಡ್ ಎಂಬ ವಾರ್‌ಲಾಕ್ ಉಪವರ್ಗ ಬಂತು. ಅದರಿಂದ ಒಂದೇ ಲೆವೆಲ್ ತೆಗೆದುಕೊಂಡರೂ ಸ್ಟ್ರೆಂತ್ ಬದಲು ಕರಿಸ್ಮಾದಿಂದ ಕತ್ತಿ ಬೀಸಬಹುದು. ಪ್ರತಿಜ್ಞೆ ತೊಟ್ಟ ಯೋಧ ಪಾಲಡಿನ್‌ನ ಮಂತ್ರಗಳೂ ಕರಿಸ್ಮಾದಿಂದಲೇ ನಡೆಯುವುದರಿಂದ ಲೆಕ್ಕಿಗರು ಇದರ ಮೇಲೆ ಮುಗಿಬಿದ್ದರು. "ಬರೀ ಅಂಕಿಗಾಗಿ ಮಾಡಿದ್ದು" ಎಂದು ಬೈಸಿಕೊಂಡ ಬಿಲ್ಡ್ ಇದು. ಆದರೆ ಒಮ್ಮೆ ಆ ಪಾತ್ರವನ್ನು ನೋಡಿ: ಒಂದು ಕಡೆ ಪವಿತ್ರ ಪ್ರತಿಜ್ಞೆ, ಇನ್ನೊಂದು ಕಡೆ ಕತ್ತಲ ಲೋಕದ ಶಕ್ತಿಯೊಂದಿಗೆ ಒಪ್ಪಂದ. ಯಾಕೆ ಸಹಿ ಹಾಕಿದಳು? ಗುರುಗಳಿಗೆ ಗೊತ್ತಾ? ಎರಡೂ ಕಡೆಯಿಂದ ಒಂದೇ ದಿನ ಕರೆ ಬಂದರೆ ಯಾವುದಕ್ಕೆ ಓಗೊಡುತ್ತಾಳೆ? ಈ ಪ್ರಶ್ನೆಗಳನ್ನು ಕೇಳದ ಆಟಗಾರರನ್ನು ದೂರಬಹುದು, ಬಿಲ್ಡನ್ನು ದೂರುವ ಹಾಗಿಲ್ಲ.

ನನ್ನ ಪಾತ್ರದ ಇಂಟೆಲಿಜೆನ್ಸ್ 8. ದಡ್ಡನ ಹಾಗೇ ಆಡಬೇಕಾ?

ಬೇಡ. ಸಾಮಾನ್ಯ ಮನುಷ್ಯನಿಗೆ 10 ಅಂತ ಲೆಕ್ಕ. 8 ಅಂದ್ರೆ -1, ಇಪ್ಪತ್ತು ಮುಖದ ದಾಳದಲ್ಲಿ ಶೇ. 5ರ ವ್ಯತ್ಯಾಸ. ಓದು ಹತ್ತದ, ಹೆಸರು ಮರೆಯುವ, ಲೆಕ್ಕದಲ್ಲಿ ಹಿಂದಿರುವ ಮನುಷ್ಯ ಸಾಕು. ತೊದಲುವ ಪೆದ್ದನನ್ನಾಗಿ ಮಾಡಿದರೆ ಎರಡು ಸೆಷನ್ ನಗು ಬರುತ್ತದೆ, ಆಮೇಲೆ ಎಲ್ಲರಿಗೂ ಸಾಕಾಗುತ್ತದೆ.

ಕರಿಸ್ಮಾ ವಿಷಯ ಇದಕ್ಕಿಂತ ಸೂಕ್ಷ್ಮ. ಮಾತುಗಾರನೊಬ್ಬ ತನ್ನ ಪಾತ್ರದ ಕರಿಸ್ಮಾವನ್ನು 8ಕ್ಕೆ ಇಳಿಸಿ, ಆ ಅಂಕವನ್ನು ಬೇರೆ ಕಡೆ ಹಾಕಿ, ಟೇಬಲ್‌ನಲ್ಲಿ ತನ್ನ ಸ್ವಂತ ಮಾತಿನಿಂದಲೇ ರಾಜನನ್ನು ಒಲಿಸಿಬಿಡುತ್ತಾನೆ. ಪಕ್ಕದಲ್ಲಿ ನಾಚಿಕೆ ಸ್ವಭಾವದ ಹುಡುಗಿ, ಕರಿಸ್ಮಾ 18ರ ಬಾರ್ಡ್ ಇಟ್ಟುಕೊಂಡು ಬಾಯಿ ತೆರೆಯಲಾಗದೆ ಕೂತಿದ್ದಾಳೆ. ಇದು ಸರಿಯಲ್ಲ ಅಲ್ವಾ? ಕತ್ತಿ ಬೀಸಲು ಬರುತ್ತದಾ ಎಂದು ಫೈಟರ್ ಆಡುವವರನ್ನು ನಾವು ಕೇಳುವುದಿಲ್ಲ. ಬಾರ್ಡ್ ಆಡುವವರನ್ನು ಯಾಕೆ ಕೇಳಬೇಕು?

ನನಗೆ ಒಪ್ಪಿಗೆಯಾದ ದಾರಿ ಇದು. ಏನು ಹೇಳುತ್ತೀರಿ ಅನ್ನುವುದು ಕಷ್ಟದ ಮಟ್ಟವನ್ನು ಏರಿಸಲಿ ಅಥವಾ ಇಳಿಸಲಿ, ಹೇಗೆ ಹೇಳಿದಿರಿ ಅನ್ನುವುದನ್ನು ದಾಳ ನೋಡಿಕೊಳ್ಳಲಿ. "ಕಾವಲುಗಾರನ ಮಗಳ ಮದುವೆ ಹತ್ತಿರ ಬಂದಿದೆ ಅಂತ ನನಗೆ ಗೊತ್ತು. ಆ ವಿಷಯ ಎತ್ತಿ ಅವನನ್ನು ಮಾತಿಗೆಳೆಯುತ್ತೇನೆ" ಎಂದು ಆ ಹುಡುಗಿ ಹೇಳಿದರೆ ಸಾಕು. ಸಂಭಾಷಣೆ ಬೇಕಿಲ್ಲ. ದಾಳ ಹಾಕಲಿ.

ಆಟದ ಶೈಲಿಗಳು ಎಷ್ಟು ತರ?

ಎಣಿಸಲು ಹೊರಟವರು ಬಹಳ ಜನ. 1980ರಲ್ಲೇ ಗ್ಲೆನ್ ಬ್ಲಾಕೋ ಎಂಬಾತ ಒಂದು ಲೇಖನದಲ್ಲಿ ನಾಲ್ಕು ಬಗೆ ಮಾಡಿದ್ದರು: ಬಲ ಗಳಿಸುವುದು, ಪಾತ್ರವಾಗುವುದು, ಯುದ್ಧತಂತ್ರ, ಕಥೆ ಕಟ್ಟುವುದು. ಆಮೇಲೆ ಆಟ ರೂಪಿಸುವ ರಾಬಿನ್ ಲಾಸ್, ರಾನ್ ಎಡ್ವರ್ಡ್ಸ್ ಮುಂತಾದವರು ತಮ್ಮ ತಮ್ಮ ಪಟ್ಟಿ ಕೊಟ್ಟರು.

ಪಟ್ಟಿಗಳನ್ನು ಓದಿ, ತಪ್ಪಿಲ್ಲ. ಆದರೆ ಮನುಷ್ಯರನ್ನು ಅದರೊಳಗೆ ತುರುಕಬೇಡಿ. ಒಬ್ಬರೇ ಆಟಗಾರ್ತಿ ಶುಕ್ರವಾರ ಆಫೀಸಿನಿಂದ ಸುಸ್ತಾಗಿ ಬಂದಾಗ ಸುಮ್ನೆ ಗಾಬ್ಲಿನ್‌ಗಳನ್ನು ಚಚ್ಚಬೇಕು ಅಂತಾರೆ, ಭಾನುವಾರ ಬೆಳಿಗ್ಗೆ ತನ್ನ ಪಾತ್ರದ ತೀರಿಹೋದ ತಮ್ಮನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. "ನೀನು ಯಾವ ತರದವಳು" ಎಂದು ಕೇಳುವುದಕ್ಕಿಂತ "ಹೋದ ಸಲ ಯಾವ ಹೊತ್ತಿನಲ್ಲಿ ಮಜಾ ಬಂತು" ಎಂದು ಕೇಳಿದರೆ ಜಾಸ್ತಿ ಗೊತ್ತಾಗುತ್ತದೆ.

ಶೈಲಿ ಬೇರೆ ಇದ್ದರೂ ಪರವಾಗಿಲ್ಲ ಅಂದಮೇಲೆ ಟೇಬಲ್‌ನಲ್ಲಿ ಜಗಳ ಯಾಕೆ ಆಗುತ್ತದೆ?

ಅಂತರದಿಂದ. ಐದೂ ಜನ ಕಡಕ್ ಬಿಲ್ಡ್ ತಂದರೆ ಡಿಎಂ ದೊಡ್ಡ ರಾಕ್ಷಸರನ್ನು ತರುತ್ತಾರೆ, ಆಟ ಸಾಗುತ್ತದೆ. ಐದೂ ಜನ ಕಥೆಗಾಗಿಯೇ ಪಾತ್ರ ಮಾಡಿದರೆ ಸಣ್ಣವರನ್ನು ತರುತ್ತಾರೆ, ಆಗಲೂ ಸಾಗುತ್ತದೆ. ಒಬ್ಬರು ಮಾತ್ರ ಬಹಳ ಮೇಲೆ ಅಥವಾ ಬಹಳ ಕೆಳಗೆ ಇದ್ದಾಗ ಡಿಎಂಗೆ ದಾರಿ ಮುಚ್ಚುತ್ತದೆ. ಬಲಿಷ್ಠನಿಗೆ ಸವಾಲಾಗುವ ರಾಕ್ಷಸ ಉಳಿದವರನ್ನು ಒಂದೇ ಏಟಿಗೆ ಮಲಗಿಸುತ್ತದೆ. ಉಳಿದವರಿಗೆ ಸರಿಹೊಂದುವ ರಾಕ್ಷಸ ಅವರ ಸರದಿ ಬರುವ ಮೊದಲೇ ಸತ್ತಿರುತ್ತದೆ. ನಾಲ್ಕು ಗಂಟೆ ಕೂತು ಒಂದು ಏಟೂ ಹಾಕದೆ ಮನೆಗೆ ಹೋದವರ ಸಂಕಟ ನಿಜವಾದದ್ದು. ಅದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬಾರದು.

ಅಂತರಕ್ಕೆ ಆಟಗಾರರಷ್ಟೇ ಕಾರಣ ಎಂದೂ ಅಲ್ಲ. ಮೂರನೇ ಆವೃತ್ತಿಯಲ್ಲಿ ಏನೂ ತಲೆಕೆಡಿಸಿಕೊಳ್ಳದೆ ಮಾಡಿದ ಡ್ರುಯಿಡ್ (ಪ್ರಕೃತಿಯ ಮಂತ್ರವಾದಿ), ಶ್ರದ್ಧೆಯಿಂದ ಕಟ್ಟಿದ ಫೈಟರ್‌ಗಿಂತ ಬಲಶಾಲಿಯಾಗಿಬಿಡುತ್ತಿತ್ತು. ಅಲ್ಲಿ ತಪ್ಪು ನಿಯಮದ್ದು. 2020ರವರೆಗೆ ಐದನೇ ಆವೃತ್ತಿಯಲ್ಲಿ ಕುಲಕ್ಕೆ ಇಂತಿಷ್ಟೇ ಅಂಕ ಎಂದಿತ್ತು, ಹಾಗಾಗಿ ಹಾಫ್-ಆರ್ಕ್ ವಿಝರ್ಡ್ (ಮೈಬಲದ ಕುಲ, ಜಾಣ್ಮೆ ಬೇಡುವ ಕ್ಲಾಸ್) ಆಡಬೇಕು ಎಂದವರು ಕಥೆಗಾಗಿ ಬಲ ಬಿಟ್ಟುಕೊಡಬೇಕಿತ್ತು. ಆ ವರ್ಷ ಅಂಕವನ್ನು ಬೇಕಾದ ಕಡೆ ಹಾಕಿಕೊಳ್ಳುವ ಐಚ್ಛಿಕ ನಿಯಮ ಬಂತು. 2024ರಲ್ಲಿ ಅಂಕ ಕುಲದಿಂದ ಬಿಟ್ಟು ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿಂದಿನ ಬದುಕಿಗೆ) ಹೋಯಿತು. ಕಥೆಗೂ ಬಲಕ್ಕೂ ಇದ್ದ ಒಂದು ಜಗಳ ಹೀಗೆ ಬಹುಪಾಲು ಬಗೆಹರಿಯಿತು.

ನಾನು ಡಿಎಂ. ಒಬ್ಬನೇ ಎಲ್ಲರನ್ನೂ ಕೊಂದು ಹಾಕುತ್ತಾನೆ. ಏನು ಮಾಡಲಿ?

ಮೊದಲು ಅವನ ಹತ್ತಿರ, ಒಬ್ಬನೇ ಇದ್ದಾಗ, ನೇರವಾಗಿ ಮಾತಾಡಿ. "ನಿನ್ನ ಬಿಲ್ಡ್ ಚೆನ್ನಾಗಿದೆ. ಉಳಿದವರಿಗೆ ಸರದಿ ಸಿಗುತ್ತಿಲ್ಲ. ಇಬ್ಬರೂ ಸೇರಿ ದಾರಿ ಹುಡುಕೋಣ." ಬಹಳಷ್ಟು ಆಪ್ಟಿಮೈಸರ್‌ಗಳು ಇದನ್ನು ಇನ್ನೊಂದು ಒಗಟು ಎಂದು ತೆಗೆದುಕೊಂಡು ಖುಷಿಯಿಂದ ಬಿಡಿಸುತ್ತಾರೆ.

ಎಲ್ಲ ರಾಕ್ಷಸರ ಹಿಟ್ ಪಾಯಿಂಟ್ (ಎಷ್ಟು ಹಾನಿ ತಡೆದುಕೊಳ್ಳಬಲ್ಲರು ಎಂಬ ಅಂಕಿ) ಏರಿಸಬೇಡಿ. ಪೆಟ್ಟು ಬೀಳುವುದು ದುರ್ಬಲರಿಗೆ, ಅವರ ಏಟು ಇನ್ನೂ ಸಪ್ಪೆಯಾಗುತ್ತದೆ. ಅವನೊಬ್ಬನನ್ನೇ ಗುರಿಯಿಟ್ಟು ಹೊಡೆಯುವುದೂ ಬೇಡ. ಆಟದ ಹೊರಗಿನ ಸಿಟ್ಟನ್ನು ಆಟದ ಒಳಗೆ ತೀರಿಸಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ.

ಕೆಳಗಿರುವವರನ್ನು ಮೇಲೆತ್ತುವುದು ಉತ್ತಮ ದಾರಿ. ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಎಂಬ ಮಾಂತ್ರಿಕ ಕೈಗವಸನ್ನು ನೋಡಿ. ಅದು ಸ್ಟ್ರೆಂತನ್ನು 19 ಮಾಡುತ್ತದೆ. ಆಗಲೇ 20 ಇರುವವನಿಗೆ ಅದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಸ್ಟ್ರೆಂತ್ 12 ಇಟ್ಟುಕೊಂಡು ಒದ್ದಾಡುತ್ತಿರುವ ಕ್ಲೆರಿಕ್‌ಗೆ ಅದೇ ವರ. ನಿಧಿಯ ಪೆಟ್ಟಿಗೆಯಲ್ಲಿ ಅದನ್ನಿಟ್ಟರೆ ಸಾಕು, ಯಾರಿಗೂ ನೋವಾಗದೆ ಅಂತರ ಕಮ್ಮಿಯಾಗುತ್ತದೆ. ಜಾಣ್ಮೆಗೆ ಹೆಡ್‌ಬ್ಯಾಂಡ್ ಆಫ್ ಇಂಟೆಲೆಕ್ಟ್ ಇದೆ, ತ್ರಾಣಕ್ಕೆ ಅಮ್ಯುಲೆಟ್ ಆಫ್ ಹೆಲ್ತ್ ಇದೆ, ಎರಡೂ ಅದೇ ತರ.

ಇನ್ನೊಂದು, ಗೆಲುವು ಅಂದ್ರೆ ಕೊಲ್ಲುವುದೇ ಆಗಬೇಕಿಲ್ಲ. ಒಬ್ಬರು ಸೇತುವೆ ಕಾಯಬೇಕು, ಒಬ್ಬರು ಮಂತ್ರವೃತ್ತ ಅಳಿಸಬೇಕು, ಒಬ್ಬರು ಹಳ್ಳಿಯವರನ್ನು ದಾಟಿಸಬೇಕು, ಎಲ್ಲ ಒಟ್ಟಿಗೆ. ಬಲಿಷ್ಠನೂ ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲ. ಜೊತೆಗೆ ಅವನಿಗೂ ಆಗಾಗ ಮನಸಾರೆ ಚಚ್ಚಲು ಬಿಡಿ, ಅದಕ್ಕಾಗಿಯೇ ಅಲ್ವಾ ಅವನು ಅಷ್ಟು ಕಷ್ಟಪಟ್ಟು ಬಿಲ್ಡ್ ಮಾಡಿದ್ದು.

ಆ ಆಪ್ಟಿಮೈಸರ್ ನಾನೇ. ಲೆಕ್ಕ ಹಾಕುವ ಖುಷಿಯನ್ನು ಬಿಡಬೇಕಾ?

ಖಂಡಿತ ಬೇಡ. ಗುರಿಯನ್ನು ಬದಲಿಸಿ ನೋಡಿ. ಮೇಲಿನ ಫೈಟರ್‌ಗೆ ಹಿಂತಿರುಗಿ. ಬ್ಲೆಸ್ ಎಂಬ ಮೊದಲ ಹಂತದ ಮಂತ್ರ ಮೂರು ಜನರ ಹೊಡೆತಕ್ಕೆ ನಾಲ್ಕು ಮುಖದ ಒಂದು ದಾಳ ಸೇರಿಸುತ್ತದೆ, ಸರಾಸರಿ 2.5. ಫೀಟ್ ಬಳಸುವಾಗ ಶೇ. 40 ಇದ್ದ ಸಾಧ್ಯತೆ ಶೇ. 52.5 ಆಗುತ್ತದೆ. ಸರಾಸರಿ ಹಾನಿ 8.4ರಿಂದ 11ಕ್ಕೆ ಏರುತ್ತದೆ. ಅವರ ಸೇವಿಂಗ್ ಥ್ರೋಗಳಿಗೂ, ಅಂದರೆ ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳಕ್ಕೂ, ಅದೇ ಸೇರ್ಪಡೆ. ಫೇರಿ ಫೈರ್ ಎಂಬ ಮಂತ್ರ ಹಾಕಿದರೆ ಅಡ್ವಾಂಟೇಜೇ ಸಿಗುತ್ತದೆ.

ಹೀಗೆ ಮಾಡಿದಾಗ ಟೇಬಲ್‌ನಲ್ಲಿ ಏನಾಗುತ್ತದೆ ಗೊತ್ತಾ? ಮೂರು ಜನ ಒಂದಾದ ಮೇಲೊಂದು ಏಟು ಹಾಕಿ ಕೂಗುತ್ತಾರೆ. "ತಾಳು, ಬ್ಲೆಸ್ ಇದೆ!" ಎಂದು ಒಬ್ಬರು ನಾಲ್ಕು ಮುಖದ ದಾಳ ಹುಡುಕುತ್ತಾರೆ, ಅದರಲ್ಲಿ 3 ಬಿದ್ದು ತಪ್ಪಿದ ಏಟು ತಾಗುತ್ತದೆ. ಆ ಸಂಭ್ರಮದ ಹಿಂದೆ ನಿಮ್ಮ ಲೆಕ್ಕವಿದೆ. ಸಪೋರ್ಟ್ (ಜೊತೆಯವರಿಗೆ ನೆರವಾಗುವ), ಕಂಟ್ರೋಲ್ (ಎದುರಾಳಿಯನ್ನು ಕಟ್ಟಿಹಾಕುವ) ಬಿಲ್ಡ್‌ಗಳಲ್ಲಿ ಗಣಿತ ಇನ್ನೂ ಆಳವಾಗಿದೆ, ಮತ್ತು ಯಾರ ಸರದಿಯನ್ನೂ ಅವು ಕಸಿಯುವುದಿಲ್ಲ.

ವಿಚಿತ್ರ ಕಲ್ಪನೆಯೊಂದನ್ನು ಹಿಡಿದು ಅದನ್ನು ಆಟಕ್ಕೆ ಲಾಯಕ್ಕು ಮಾಡುವುದೂ ಒಳ್ಳೆಯ ಸವಾಲು. ಬೆಂಕಿ ಮಂತ್ರಕ್ಕೆ ಹೆದರುವ ಸೋರ್ಸರರ್ (ಮಂತ್ರಶಕ್ತಿ ಹುಟ್ಟಿನಿಂದಲೇ ಬಂದವರು) ತರದ್ದು. ಎಲ್ಲಕ್ಕಿಂತ ಬಲವಾದದ್ದನ್ನು ಹುಡುಕುವ ಬದಲು ಕಷ್ಟದ್ದನ್ನು ನಿಲ್ಲಿಸುವ ಕೆಲಸ ಅದು.

ನನಗೆ ಲೆಕ್ಕ ಇಷ್ಟವಿಲ್ಲ. ಗುಂಪಿಗೆ ಹೊರೆ ಆಗುತ್ತೀನಾ?

ಮೂರು ವಿಷಯ ನೋಡಿಕೊಂಡರೆ ಆಗುವುದಿಲ್ಲ. ನಿಮ್ಮ ಕ್ಲಾಸ್‌ನ ಮುಖ್ಯ ಅಂಕ 16 ಇರಲಿ. ಕಾನ್‌ಸ್ಟಿಟ್ಯೂಶನ್ 14 ಇರಲಿ. ನಿಮ್ಮ ಸರದಿ ಬಂದಾಗ ನಿಮ್ಮ ಪಾತ್ರಕ್ಕೆ ಏನು ಬರುತ್ತದೆ ಅನ್ನುವುದು ಗೊತ್ತಿರಲಿ. ಉಳಿದದ್ದನ್ನು ಮನಸ್ಸಿಗೆ ಬಂದ ಹಾಗೆ ಮಾಡಿ.

ಸಹಾಯ ಬೇಕಾದರೆ ಕೇಳಿ, ಆದರೆ ನಿಮ್ಮ ಪಾತ್ರವನ್ನು ಬೇರೆಯವರು ಬರೆದುಕೊಡಲು ಬಿಡಬೇಡಿ. ಕೇಳದೆ ಸಲಹೆ ಕೊಡುವವರಿಗೆ "ಇದು ಹೀಗೇ ಇರಲಿ" ಎಂದು ಹೇಳುವ ಹಕ್ಕು ನಿಮಗಿದೆ.

"ನನ್ನ ಪಾತ್ರ ಇರೋದೇ ಹಾಗೆ" ಎಂದು ಗೆಳೆಯರ ಜೇಬಿಗೇ ಕೈಹಾಕುವವರಿಗೆ ಏನು ಹೇಳುವುದು?

ಪಾತ್ರವನ್ನು ಹಾಗೆ ಮಾಡಿದ್ದು ಯಾರು ಎಂದು ಕೇಳಿ. ರೋಲ್‌ಪ್ಲೇ ಹೆಸರಿನಲ್ಲಿ ಟೇಬಲ್ ಕೆಡಿಸುವವರು, ಲೆಕ್ಕದ ಹೆಸರಿನಲ್ಲಿ ಕೆಡಿಸುವವರಷ್ಟೇ ಹಾನಿ ಮಾಡುತ್ತಾರೆ. ಆದರೆ ನಟನೆಗೆ ಗೌರವ ಜಾಸ್ತಿ ಇರುವುದರಿಂದ ಅವರನ್ನು ಯಾರೂ ಬೈಯುವುದಿಲ್ಲ. ಈ ತಾರತಮ್ಯ ನನಗೆ ಹಿಡಿಸುವುದಿಲ್ಲ. ಕಳ್ಳನಿಗೆ ಈ ನಾಲ್ಕು ಜನರಿಂದ ಮಾತ್ರ ಕದಿಯದಿರಲು ಒಂದು ಕಾರಣ ಹುಡುಕುವುದು ಒಳ್ಳೆಯ ಬರವಣಿಗೆ. ಅದನ್ನು ಅವರಿಂದಲೇ ಬರೆಸಿ.

ಬಿಲ್ಡ್ ಗೈಡ್‌ಗಳನ್ನು ನಂಬಬಹುದಾ?

ಲೆಕ್ಕವನ್ನು ನಂಬಿ, ಊಹೆಗಳನ್ನು ಪರೀಕ್ಷಿಸಿ. ಪ್ರತಿ ಗೈಡ್‌ನ ಒಳಗೂ ಬರೆಯದೆ ಬಿಟ್ಟ ಒಂದು ಟೇಬಲ್ ಇರುತ್ತದೆ. ದಿನಕ್ಕೆ ಎಷ್ಟು ಕಾದಾಟ ಅನ್ನುವುದನ್ನೇ ತೆಗೆದುಕೊಳ್ಳಿ. 2014ರ ಡಿಎಂ ಕೈಪಿಡಿ ಆರರಿಂದ ಎಂಟು ಕಾದಾಟ, ನಡುವೆ ಸಣ್ಣ ವಿಶ್ರಾಂತಿಗಳು ಎಂದು ಲೆಕ್ಕ ಇಟ್ಟುಕೊಂಡಿದೆ. ಎಷ್ಟೋ ಮನೆ ಟೇಬಲ್‌ಗಳಲ್ಲಿ ನಡೆಯುವುದು ಒಂದೋ ಎರಡೋ.

ಐದನೇ ಲೆವೆಲ್ ಪಾಲಡಿನ್‌ಗೆ ದಿನಕ್ಕೆ ಮೊದಲ ಹಂತದ ನಾಲ್ಕು, ಎರಡನೇ ಹಂತದ ಎರಡು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಅವಕಾಶ). ದಿನಕ್ಕೆ ಒಂದೇ ಕಾದಾಟ ಇದ್ದರೆ ಅಷ್ಟನ್ನೂ ಡಿವೈನ್ ಸ್ಮೈಟ್‌ಗೆ (ಸ್ಲಾಟ್ ಖರ್ಚು ಮಾಡಿ ಏಟಿನ ಹಾನಿ ಏರಿಸುವುದಕ್ಕೆ) ಸುರಿದು ಎದುರಿದ್ದವರನ್ನು ಬೂದಿ ಮಾಡುತ್ತಾರೆ. ಅದೇ ಲೆವೆಲ್ ವಾರ್‌ಲಾಕ್‌ಗೆ ಎರಡೇ ಸ್ಲಾಟ್, ಆದರೆ ಸಣ್ಣ ವಿಶ್ರಾಂತಿ ಸಿಕ್ಕಾಗಲೆಲ್ಲ ಅವು ವಾಪಸ್ ಬರುತ್ತವೆ. ವಿಶ್ರಾಂತಿಯೇ ಇಲ್ಲದ ಟೇಬಲ್‌ನಲ್ಲಿ ವಾರ್‌ಲಾಕ್ ಪಾಪ. ಪಾಲಡಿನ್ ಕಡಕ್, ವಾರ್‌ಲಾಕ್ ಸಪ್ಪೆ ಅನ್ನಿಸಿದರೆ ಡಿಎಂ ಮೊದಲು ತಮ್ಮ ಆಟದ ದಿನವನ್ನು ನೋಡಿಕೊಳ್ಳಲಿ. 2024ರಲ್ಲಿ ಸ್ಮೈಟ್‌ಗೂ ಸರದಿಗೆ ಒಂದೇ ಸಲ ಎಂಬ ಕಡಿವಾಣ ಬಿತ್ತು.

ಪನ್-ಪನ್, ರೈತರ ರೈಲ್‌ಗನ್ ಅಂತೆಲ್ಲ ಕೇಳಿದ್ದೇನೆ. ಅವೂ ಆಪ್ಟಿಮೈಸೇಶನ್ನೇ?

ಪನ್-ಪನ್ ಡಿ ಅಂಡ್ ಡಿ 3.5 ಆವೃತ್ತಿಯ ಒಂದು ಕೋಬೋಲ್ಡ್ (ಹಲ್ಲಿಯಂಥ ಪುಟ್ಟ ಜೀವಿ). ಬೇರೆ ಬೇರೆ ಪುಸ್ತಕಗಳ ನಿಯಮ ಹೆಣೆದು ಅದಕ್ಕೆ ಮಿತಿಯೇ ಇಲ್ಲದ ಶಕ್ತಿ ಕೊಡಬಹುದು ಎಂದು ಕಾಗದದ ಮೇಲೆ ತೋರಿಸಿದರು. ಆಡಲು ಮಾಡಿದ್ದಲ್ಲ, ನಿಯಮದ ಬಿರುಕು ಎಲ್ಲಿದೆ ಎಂದು ನೋಡಲು ಮಾಡಿದ್ದು. ಬೌದ್ಧಿಕ ಕಸರತ್ತಾಗಿ ನನಗೆ ಅದರ ಮೇಲೆ ಗೌರವವಿದೆ.

ರೈಲ್‌ಗನ್ ಬೇರೆ. ಸಾವಿರಾರು ರೈತರು ಸಾಲಾಗಿ ನಿಂತು, ಆರು ಸೆಕೆಂಡಿನ ಒಂದೇ ಸುತ್ತಿನಲ್ಲಿ ಕೋಲೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊನೆಯಲ್ಲಿ ಅದು ಭಯಂಕರ ವೇಗದಲ್ಲಿ ಹಾರಬೇಕು ಎಂಬುದು ವಾದ. ದಾಟಿಸುವಾಗ ಆಟದ ನಿಯಮ, ಹಾರಿಸುವಾಗ ಭೌತಶಾಸ್ತ್ರ. ಎರಡರಲ್ಲಿ ಒಂದನ್ನು ಆರಿಸಿ ಅಂದರೆ ವಾದ ಬಿದ್ದುಹೋಗುತ್ತದೆ. ಆಟದ ನಿಯಮಗಳು ಭೌತಶಾಸ್ತ್ರವಲ್ಲ ಎಂದು 2024ರ ಡಿಎಂ ಕೈಪಿಡಿಯೇ ಹೇಳಿದೆ.

ಅಂಕಗಳಿಗೆ ದಾಳ ಹಾಕುವುದು ಒಳ್ಳೆಯದೋ, ಪಾಯಿಂಟ್ ಬೈ ಒಳ್ಳೆಯದೋ?

ನನ್ನ ಮತ ಪಾಯಿಂಟ್ ಬೈಗೆ. ಕೊಟ್ಟ ಪಾಯಿಂಟ್‌ನಿಂದ ಅಂಕ ಕೊಳ್ಳುವ ಪದ್ಧತಿ ಅದು, 27 ಪಾಯಿಂಟ್ ಎಲ್ಲರಿಗೂ ಸಮ. 15, 14, 13, 12, 10, 8 ಎಂಬ ಸಿದ್ಧ ಸಾಲಿಗೂ ಅಷ್ಟೇ ಬೆಲೆ. ಮೂರು 15, ಮೂರು 8 ಮಾಡಿದರೂ ಅಷ್ಟೇ. ನಾಲ್ಕು ದಾಳ ಹಾಕಿ ಚಿಕ್ಕದನ್ನು ಬಿಡುವ ಪದ್ಧತಿಯ ಸರಾಸರಿ 12.24, ಸಿದ್ಧ ಸಾಲಿನದು 12. ಸರಾಸರಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಆದರೆ ದಾಳ ಒಬ್ಬರಿಗೆ 18 ಕೊಟ್ಟು ಇನ್ನೊಬ್ಬರಿಗೆ 13ರ ಮೇಲೆ ಏನೂ ಕೊಡದೆ ಹೋಗಬಹುದು. ಆ ಅನ್ಯಾಯದ ಜೊತೆ ವರ್ಷಗಟ್ಟಲೆ ಆಡಬೇಕು. ದಾಳದ ರೋಮಾಂಚನ ಬೇಕೇ ಬೇಕು ಅಂದರೆ ಎಲ್ಲರೂ ಹಾಕಿ, ಬಂದ ಸಾಲುಗಳಲ್ಲಿ ಒಂದನ್ನು ಎಲ್ಲರೂ ಬಳಸಿ.

ಬೇರೆ ಆಟಗಳಲ್ಲೂ ಈ ಸಮಸ್ಯೆ ಇದೆಯಾ?

ಆಟ ಯಾವುದಕ್ಕೆ ಬಹುಮಾನ ಕೊಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಫೇಟ್ ಎಂಬ ಆಟದಲ್ಲಿ ನಿಮ್ಮ ದೌರ್ಬಲ್ಯದಿಂದ ತೊಂದರೆಗೆ ಸಿಕ್ಕಿಕೊಂಡರೆ ಫೇಟ್ ಪಾಯಿಂಟ್ ಸಿಗುತ್ತದೆ. ಅಲ್ಲಿ ಜಾಣ ಲೆಕ್ಕಿಗ ಬೇಕಂತಲೇ ತೊಂದರೆ ತಂದುಕೊಳ್ಳುತ್ತಾನೆ. ಬ್ಲೇಡ್ಸ್ ಇನ್ ದ ಡಾರ್ಕ್‌ನಲ್ಲಿ ಕೈಮೀರಿದ ಅಪಾಯದಲ್ಲಿ ದಾಳ ಹಾಕಿದರೆ ಎಕ್ಸ್‌ಪೀರಿಯನ್ಸ್ ಬರುತ್ತದೆ. ಕಾಲ್ ಆಫ್ ಕತುಲುದಲ್ಲಿ ಎಂಥ ಬಿಲ್ಡ್ ಆದರೂ ಆ ಆಟದ ಭೀಕರ ಪುರಾತನ ದೇವತೆಗಳ ಮುಂದೆ ನಿಲ್ಲುವುದಿಲ್ಲ. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಆಯ್ಕೆಗಳು ರಾಶಿ ಇದ್ದರೂ ಒಳ್ಳೆಯ ಬಿಲ್ಡ್‌ಗೂ ಸಾಧಾರಣ ಬಿಲ್ಡ್‌ಗೂ ಅಂತರ ಚಿಕ್ಕದು. ಗೆಲುವು ಬರುವುದು ಗುಂಪಾಗಿ ಆಡಿದಾಗ. ಲೆಕ್ಕಿಗರೂ ಕಥೆಗಾರರೂ ಸಮ ಇರುವ ಗುಂಪಿಗೆ ನಾನು ಮೊದಲು ಹೇಳುವ ಹೆಸರು ಅದು.

ಸೆಷನ್ ಝೀರೋದಲ್ಲಿ ಏನು ಮಾತಾಡಬೇಕು?

ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಮಾತಾಡಿಕೊಳ್ಳುವ ದಿನ ಅದು. "ಎಲ್ಲರೂ ಮಜಾ ಮಾಡೋಣ" ಎಂಬ ಮಾತು ಸಾಲದು. ಕಾದಾಟ ಎಷ್ಟು, ಮಾತುಕತೆ ಎಷ್ಟು? ಪಾತ್ರ ಸಾಯಬಹುದಾ? ಯಾವ ಪುಸ್ತಕಗಳು ನಡೆಯುತ್ತವೆ, ಮಲ್ಟಿಕ್ಲಾಸ್ ಇದೆಯಾ? ಬಿಲ್ಡ್ ಎಷ್ಟು ಬಿಗಿಯಾಗಿರಲಿ? ಕೊನೆಯದಕ್ಕೆ ಉತ್ತರ ಮಾತಿನಲ್ಲಿ ಸಿಗುವುದಿಲ್ಲ. ಹಾಗಾಗಿ ಎಲ್ಲರ ಕ್ಯಾರೆಕ್ಟರ್ ಶೀಟನ್ನೂ ಟೇಬಲ್ ಮೇಲೆ ಹರಡಿ, ಒಬ್ಬರದನ್ನು ಒಬ್ಬರು ನೋಡಿ. ಒಂದು ಸಣ್ಣ ಕಾದಾಟ ಆಡಿ ನೋಡಿ. ಮೂರು ಸೆಷನ್ ಆದ ಮೇಲೆ ಯಾರು ಬೇಕಾದರೂ ಪಾತ್ರವನ್ನು ತಿದ್ದಿಕೊಳ್ಳಬಹುದು ಎಂದು ಮೊದಲೇ ಒಪ್ಪಿಕೊಳ್ಳಿ. ಈ ಒಂದು ಒಪ್ಪಂದ ಎಷ್ಟೋ ಮುನಿಸು ತಪ್ಪಿಸುತ್ತದೆ.

ಕನ್ನಡದಲ್ಲೇ ಆಡಬಹುದಾ? ನಿಯಮ ಎಲ್ಲ ಇಂಗ್ಲಿಷ್‌ನಲ್ಲಿ ಇದೆಯಲ್ಲ.

ಧಾರಾಳವಾಗಿ ಆಡಬಹುದು. ನಿಯಮದ ಪದಗಳನ್ನು ಹಾಗೇ ಬಿಡಿ, ಪಾತ್ರಗಳು ಕನ್ನಡ ಮಾತಾಡಲಿ. ನಮ್ಮ ಹತ್ತಿರ ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಎಲ್ಲ ಇದೆ. ಛತ್ರದ ಯಜಮಾನ "ಏನ್ರೀ, ಎಲ್ಲಿಂದ ಬಂದೀರಿ?" ಅಂದ ಕೂಡಲೇ ಅವನು ಯಾರು ಎಂದು ಅರ್ಧ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ನಟಿಸಲು ಹಿಂಜರಿದು ದಾಳದ ಹಿಂದೆ ಅಡಗುವವರು ಎಷ್ಟೋ ಜನ ಕನ್ನಡದಲ್ಲಿ ಬಾಯಿ ಬಿಡುತ್ತಾರೆ. ಅವರಿಗೆ ರೋಲ್‌ಪ್ಲೇ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಭಾಷೆ ಬದಲಿಸಿ ನೋಡಿ.

ನಿಯಮಕ್ಕೆ ದುಡ್ಡು ಕೊಡಬೇಕಿಲ್ಲ. ಡಿ ಅಂಡ್ ಡಿ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತ. ಪಾತ್‌ಫೈಂಡರ್ ನಿಯಮಗಳೂ ಆರ್ಕೈವ್ಸ್ ಆಫ್ ನೆಥಿಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಎಷ್ಟು ಮಾತಾಡಿದರೂ ಗುಂಪು ಹೊಂದುತ್ತಿಲ್ಲ. ಈಗ?

ಗುಂಪನ್ನು ಒಡೆಯುವ ಮೊದಲು ಆಟವನ್ನು ಒಡೆಯಿರಿ. ದೊಡ್ಡ ಕ್ಯಾಂಪೇನ್‌ಗೆ (ಸೆಷನ್‌ನಿಂದ ಸೆಷನ್‌ಗೆ ಸಾಗುವ ಒಂದೇ ಕಥೆಗೆ) ವಿರಾಮ ಕೊಟ್ಟು ಸಣ್ಣ ಸಣ್ಣ ಆಟ ಇಟ್ಟುಕೊಳ್ಳಿ. ಒಂದು ವಾರ ಎಲ್ಲರೂ ಬಿಗಿ ಬಿಲ್ಡ್ ತಂದು ಡಿಎಂ ಕರುಣೆಯಿಲ್ಲದೆ ಹೊಡೆಯುವ ಡಂಜನ್. ಮುಂದಿನ ವಾರ ದಾಳವೇ ಅಪರೂಪವಾದ ಒಂದು ಕೊಲೆ ತನಿಖೆ. ಯಾರು ಯಾವುದಕ್ಕೆ ಉತ್ಸಾಹದಿಂದ ಬರುತ್ತಾರೆ, ಯಾರು ನೆಪ ಹೇಳುತ್ತಾರೆ ಎಂದು ನೋಡಿ. ಅದರ ಪ್ರಕಾರ ಎರಡು ಟೇಬಲ್ ಆದರೂ ಆಗಲಿ. ಡಿಎಂ ಮಾಡಲು ಇನ್ನೊಬ್ಬರು ಬೇಕಾಗುತ್ತಾರೆ. ನಿಯಮ ಬಾಯಿಪಾಠ ಇರುವ ನಿಮ್ಮ ಆಪ್ಟಿಮೈಸರನ್ನೇ ಕೇಳಿ ನೋಡಿ.